ತೂತು ಹೊಡೆಯುವ ಮುನ್ನ: ಕಾರಿಗೆ ಅಂಟಿಸಿದ್ದು ಯಾಕೆ ಕಿತ್ತು ಬಂತು, ಪತ್ತೆ ಹಚ್ಚುವುದು ಹೇಗೆ

ವಿಜಯಪುರದಲ್ಲಿ ಏಪ್ರಿಲ್ ಬಂತೆಂದರೆ ಕಾರಿಗೆ ಅಂಟಿಸಿದ್ದೆಲ್ಲ ಒಂದೊಂದಾಗಿ ಬಾಯಿ ಬಿಡಲು ಶುರುವಾಗುತ್ತದೆ. ಮೊದಲು ಡೋರ್ ವೈಸರಿನ (ಕಿಟಕಿಯ ಮೇಲಂಚಿಗೆ ಮಳೆ-ಬಿಸಿಲಿಗೆ ಹಾಕುವ ಪ್ಲಾಸ್ಟಿಕ್ ಪಟ್ಟಿ) ಹಿಂದಿನ ತುದಿ, ಆಮೇಲೆ ಬಾಗಿಲ ಪಕ್ಕಕ್ಕೆ ಹಾಕುವ ಸೈಡ್ ಬೀಡಿಂಗ್ ಪಟ್ಟಿಯ ಮೂಲೆ, ಬಂಪರಿನ ಕಾರ್ನರ್ ಗಾರ್ಡ್, ಹಿಡಿಕೆಯ ಕ್ರೋಮ್ ಕವರು. ಆಗ ಮಾಲಕರ ಬಾಯಲ್ಲಿ ಬರುವುದು ಎರಡೇ ಮಾತು. "ಇದಕ್ಕಿಂತ ಗಟ್ಟಿ ಗಮ್ ಐತೇನ್ರಿ?" ಇಲ್ಲವೇ, "ಒಂದ್ ಸ್ಕ್ರೂ ಹೊಡದ ಬಿಡ್ರಿ ಅಣ್ಣಾ, ಕಿರಿಕಿರಿನ ಬ್ಯಾಡ." ಎರಡಕ್ಕೂ ನನ್ನ ಉತ್ತರ ಒಂದೇ: ಮೊದಲು ಕಿತ್ತು ಬಂದ ತುಂಡನ್ನು ತೋರಿಸಿ. ಅದನ್ನು ಎಸೆದು ಬಂದಿದ್ದರೆ ಅರ್ಧ ಸಾಕ್ಷಿ ಹೋದಂತೆ.

ಗಟ್ಟಿ ಗಮ್ ಅಂದರೆ ಸಾಮಾನ್ಯವಾಗಿ ಜನರ ತಲೆಯಲ್ಲಿರುವುದು ಫೆವಿಕ್ವಿಕ್ ಜಾತಿಯ ಅಂಟು. ಅದು ಗಟ್ಟಿಯೇ, ಆದರೆ ಗಾಜಿನ ಹಾಗೆ ಪೆಡಸು. ಬಾಗಿಲು ಧಡ್ ಅಂತ ಹಾಕಿದಾಗಿನ ಏಟು, ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವ ಎಳೆತ, ಎರಡನ್ನೂ ಅದು ತಾಳುವುದಿಲ್ಲ. ಬಿಡುವಾಗ ಸುಮ್ಮನೆ ಬಿಡದೆ ಬಣ್ಣದ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್ ಅನ್ನೂ ಚಕ್ಕೆ ಎಬ್ಬಿಸಿಕೊಂಡು ಬರುತ್ತದೆ. ಕಾರಿನ ಬಣ್ಣದ ಮೇಲೆ ಅದಕ್ಕೆ ಜಾಗವಿಲ್ಲ, ಇಲ್ಲಿಗೆ ಆ ಮಾತು ಮುಗಿಸುತ್ತೇನೆ.

ಟೇಪ್ ಯಾವ ಕಡೆ ಉಳಿದಿದೆ?

ಪತ್ತೆ ಕೆಲಸ ಶುರುವಾಗುವುದು ಇಲ್ಲಿಂದ. ಇವನ್ನೆಲ್ಲ ಕಾರಿಗೆ ಹಿಡಿಸುವುದು ಎರಡೂ ಬದಿಗೆ ಅಂಟಿರುವ ಡಬಲ್ ಟೇಪು. ಅದಕ್ಕೆ ಎರಡು ಮುಖ, ನಡುವೆ ಫೋಮು. ಬಿಡುವಾಗ ಈ ಮೂರರಲ್ಲಿ ಯಾವುದಾದರೂ ಒಂದು ಸೋತಿರಲೇಬೇಕು. ಯಾವುದು ಸೋತಿದೆ ಅನ್ನುವುದನ್ನು ಕಣ್ಣಿನಿಂದಲೇ ಓದಬಹುದು.

ಟೇಪ್ ಪೂರ್ತಿಯಾಗಿ ವೈಸರಿಗೇ ಅಂಟಿಕೊಂಡು ಬಂದಿದೆ, ಕಾರಿನ ಮೇಲೆ ಏನೂ ಇಲ್ಲ, ಬಣ್ಣ ಸ್ವಚ್ಛವಾಗಿ ಹೊಳೆಯುತ್ತಿದೆ ಅಂದರೆ ದೋಷ ಟೇಪಿನದಲ್ಲ, ಕಾರಿನ ಮೇಲ್ಮೈಯದು. ಅಲ್ಲಿ ವ್ಯಾಕ್ಸ್ ಇತ್ತು, ಪಾಲಿಶ್ ಇತ್ತು, ಧೂಳಿತ್ತು, ಇಲ್ಲವೇ ಪಸೆ ಇತ್ತು. ನಾನು ನೋಡುವ ಕೇಸುಗಳಲ್ಲಿ ಹೆಚ್ಚಿನವು ಇವೇ.

ಟೇಪ್ ಕಾರಿನ ಮೇಲೇ ಉಳಿದು, ಬಿದ್ದ ತುಂಡಿನ ಬೆನ್ನು ಬೋಳಾಗಿದ್ದರೆ ದೋಷ ಆ ಪ್ಲಾಸ್ಟಿಕ್ಕಿನದು. ಮಡ್ ಫ್ಲ್ಯಾಪ್, ಕ್ಲಾಡಿಂಗ್ (ಬಾಗಿಲ ಕೆಳಭಾಗದ ಕಪ್ಪು ಪ್ಲಾಸ್ಟಿಕ್ ಹೊದಿಕೆ), ಕಪ್ಪು ಕಾರ್ನರ್ ಗಾರ್ಡುಗಳು ಬಹಳಷ್ಟು ಪಾಲಿಪ್ರೊಪಿಲೀನಿನವು. ಮುಟ್ಟಿದರೆ ಮೇಣ ಸವರಿದ ಹಾಗೆ ಜಾರುವ ಈ ಪ್ಲಾಸ್ಟಿಕ್ಕಿಗೆ ಯಾವ ಅಂಟೂ ಸಲೀಸಾಗಿ ಹಿಡಿಯುವುದಿಲ್ಲ. ತುಂಡಿನ ಹಿಂಬದಿಯಲ್ಲಿ ಪಿಪಿ ಅಂತ ಅಚ್ಚೊತ್ತಿರುತ್ತದೆ, ಹುಡುಕಿ. ಇದಕ್ಕೆ ಅಡ್ಹೀಷನ್ ಪ್ರೊಮೋಟರ್ ಅಥವಾ ಟೇಪ್ ಪ್ರೈಮರ್ ಅಂತ ಸಿಗುತ್ತದೆ, 3ಎಂ ಕಂಪನಿಯ ಪ್ರೈಮರ್ 94 ಎಲ್ಲರಿಗೂ ಗೊತ್ತಿರುವುದು. ಅದನ್ನು ತುಂಡಿನ ಬೆನ್ನಿಗೆ ತೆಳುವಾಗಿ ಒಂದು ಕೈ ಸವರಿ, ಒಣಗಿಸಿ, ಆಮೇಲೆ ಟೇಪ್ ಹಾಕಬೇಕು. ಕಾರಿನ ಬಣ್ಣಕ್ಕೆ ಸುಮ್ಮಸುಮ್ಮನೆ ಸವರಬೇಡಿ. ಟೇಪಿನ ಅಂಚು ದಾಟಿ ಹರಿದ ಪ್ರೈಮರ್ ಕಲೆ ಉಳಿಸುತ್ತದೆ.

ಫೋಮೇ ಹರಿದು ಅರ್ಧ ಇಲ್ಲಿ ಅರ್ಧ ಅಲ್ಲಿ ಉಳಿದಿದ್ದರೆ ಎರಡೂ ಮುಖ ಸರಿಯಾಗಿಯೇ ಹಿಡಿದಿದ್ದವು, ನಡುವಿನ ದೇಹ ಸೋತಿತು ಎಂದರ್ಥ. ಇಲ್ಲಿ ಇನ್ನೊಂದು ಭೇದ ನೋಡಬೇಕು. ಎಳೆದಾಗ ಬೆಲ್ಲದ ಪಾಕದ ಹಾಗೆ ನೂಲು ನೂಲು ಬಂದರೆ ಅದು ಬಿಸಿಲಿಗೆ ಕರಗಿದ ಅಗ್ಗದ ಟೇಪು. ಒಣಗಿ ಪುಡಿಪುಡಿಯಾಗಿದ್ದರೆ ವಯಸ್ಸಾಗಿದೆ. ಗಟ್ಟಿ ಫೋಮು ಚರ್ರನೆ ಹರಿದಿದ್ದರೆ ಯಾರೋ ಎಳೆದಿದ್ದಾರೆ. ಅದು ಕಾರು ತೊಳೆಯುವವರ ಪ್ರೆಶರ್ ಪೈಪ್ ಇರಬಹುದು, ಬೀದಿಯಲ್ಲಿ ಜೋತುಬಿದ್ದ ಹುಡುಗರಿರಬಹುದು.

ನಾಲ್ಕನೆಯದು ಕೆಟ್ಟದ್ದು: ಟೇಪಿನ ಜೊತೆ ಬಣ್ಣವೂ ಬಂದಿದೆ. ಅದಕ್ಕೆ ಕೆಳಗೆ ಬೇರೆ ಮಾತಾಡುತ್ತೇನೆ, ಸದ್ಯಕ್ಕೆ ಅಲ್ಲಿ ಮತ್ತೆ ಏನನ್ನೂ ಅಂಟಿಸಬೇಡಿ.

ಬಿಡಲು ಶುರುವಾಗಿ ಎಷ್ಟು ಕಾಲವಾಯಿತು ಅನ್ನುವುದನ್ನೂ ಟೇಪೇ ಹೇಳುತ್ತದೆ. ಬಿದ್ದ ವೈಸರನ್ನು ಬೆಳಕಿಗೆ ಹಿಡಿದು ಟೇಪಿನ ಮುಖ ನೋಡಿ. ನಡುವೆ ಬೂದುಬಣ್ಣ ಹೊಸದರ ಹಾಗೆ ತಿಳಿಯಾಗಿದ್ದು, ಅಂಚಿಗೆ ಮಾತ್ರ ಕಪ್ಪು ಎರೆಮಣ್ಣಿನ ಧೂಳು ಒಂದು ಗೆರೆಯಾಗಿ ಕೂತಿರುತ್ತದೆ. ಆ ಗೆರೆ ಒಂದು ತುದಿಯಲ್ಲಿ ಅಗಲ, ಇನ್ನೊಂದು ಕಡೆ ದಾರದಷ್ಟು ತೆಳುವು ಇದ್ದರೆ ಬಾಯಿ ಬಿಟ್ಟದ್ದು ಅಗಲದ ತುದಿಯಿಂದ, ಅದೂ ಬಹಳ ದಿನದ ಹಿಂದೆ, ಬಿದ್ದದ್ದು ಮಾತ್ರ ಈಗ. ಗೆರೆಯೇ ಇಲ್ಲದೆ ಮುಖವೆಲ್ಲ ಸಮನಾಗಿ ಮಸುಕಾಗಿದ್ದರೆ ಆ ಧೂಳು ಅಂಟಿಸುವಾಗಲೇ ಅಲ್ಲಿತ್ತು. ಟೇಪ್ ಬಣ್ಣಕ್ಕಲ್ಲ, ಧೂಳಿಗೆ ಅಂಟಿತ್ತು. ಕೆಲವೊಮ್ಮೆ ಅಂಟಿಸಿದವನ ಹೆಬ್ಬೆರಳಿನ ಗುರುತು ಟೇಪಿನ ಮೇಲೆ ಗೆರೆ ಸಮೇತ ಉಳಿದಿರುತ್ತದೆ. ಅಷ್ಟು ಜಾಗ ಮೊದಲ ದಿನದಿಂದಲೂ ಹಿಡಿದೇ ಇಲ್ಲ.

ಭಾರಕ್ಕೆ ಬಿತ್ತು ಅನ್ನುವ ಮಾತು

"ವೇಟ್ ಜಾಸ್ತಿ ಆತ್ರಿ, ಅದಕ್ಕ ಬಿತ್ತು" ಅನ್ನುವ ವಿವರಣೆ ಎಲ್ಲ ಕಡೆ ಕೇಳಿಬರುತ್ತದೆ. ವೈಸರನ್ನು ಅಡಿಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿ, 200 ಗ್ರಾಂ ತೂಗುತ್ತದೆ ಅಂದುಕೊಳ್ಳೋಣ. ವಿಎಚ್‌ಬಿ (3ಎಂ ಕಂಪನಿಯ ಗಟ್ಟಿ ಡಬಲ್ ಟೇಪು) ಜಾತಿಯ ಅಕ್ರಿಲಿಕ್ ಫೋಮ್ ಟೇಪಿಗೆ ತಯಾರಕರು ಕೊಡುವ ಲೆಕ್ಕ, ಸದಾ ಹೊರುವ ಪ್ರತಿ ಕಿಲೋಗೆ ಸುಮಾರು 55 ಚದರ ಸೆಂಟಿಮೀಟರ್ ಟೇಪು. ಆ ಲೆಕ್ಕಕ್ಕೆ 200 ಗ್ರಾಮಿಗೆ 11 ಚದರ ಸೆಂಟಿಮೀಟರ್ ಸಾಕು. 90 ಸೆಂಟಿಮೀಟರ್ ಉದ್ದದ ವೈಸರಿಗೆ 6 ಮಿಲಿಮೀಟರ್ ಅಗಲದ ಟೇಪ್ ಹಾಕಿದರೆ 54 ಆಗುತ್ತದೆ. ಐದು ಪಟ್ಟು! ಅಂದಮೇಲೆ ಬಿದ್ದದ್ದು ಭಾರಕ್ಕಲ್ಲ. ಬಿದ್ದದ್ದು ತುದಿಯಿಂದ ಸುಲಿದದ್ದಕ್ಕೆ. ಡಬಲ್ ಟೇಪು ನೇರ ಎಳೆತಕ್ಕೂ ಪಕ್ಕದ ಜಾರಿಕೆಗೂ ಬಹಳ ಗಟ್ಟಿ. ಆದರೆ ಬಾಳೆಹಣ್ಣಿನ ಸಿಪ್ಪೆಯಂತೆ ಒಂದು ತುದಿಯಿಂದ ಸುಲಿಯತೊಡಗಿದರೆ ಇಡೀ ಎಳೆತ ಆ ಒಂದು ಗೆರೆಯ ಮೇಲೆ ಬೀಳುತ್ತದೆ, ಅಲ್ಲಿಂದ ಅದು ಮುಂದೆ ಮುಂದೆ ಬಿಡುತ್ತಲೇ ಹೋಗುತ್ತದೆ.

ಆದ್ದರಿಂದ ಮುಂದಿನ ಪ್ರಶ್ನೆ: ತುದಿಯನ್ನು ಎತ್ತುತ್ತಿರುವುದು ಯಾವುದು?

ಮೊದಲ ಅನುಮಾನ ವೈಸರಿನ ಬಾಗಿನ ಮೇಲೆ. ಟೇಪ್ ಹಾಕದೆ ವೈಸರನ್ನು ಬಾಗಿಲಿಗೆ ಹಗುರವಾಗಿ ಒರಗಿಸಿ ಹಿಡಿಯಿರಿ. ಎರಡೂ ತುದಿ ತಾವಾಗಿ ಕೂರಬೇಕು. ನಡುವೆ ಕೂತು ತುದಿಯಲ್ಲಿ ಸಂದು ಉಳಿದು, ಒತ್ತಿ ಹಿಡಿದರೆ ಮಾತ್ರ ಕೂರುತ್ತದೆ ಅಂದರೆ ಅದು ಸ್ಪ್ರಿಂಗು. ಹಗಲೂ ರಾತ್ರಿ ಟೇಪನ್ನು ಎತ್ತುತ್ತಲೇ ಇರುತ್ತದೆ. ಕೊರಿಯರಿನಲ್ಲಿ ಮಡಚಿ ಬಂದ ಡಬ್ಬಿಯ ವೈಸರುಗಳಲ್ಲಿ, ಹಳೆ ಮಾಡೆಲಿನದನ್ನು "ಇದಕ್ಕೂ ಆಗ್ತೈತಿ" ಅಂತ ಕೊಟ್ಟವುಗಳಲ್ಲಿ ಇದು ಸಾಮಾನ್ಯ. ಹೀಟ್ ಗನ್ನಿನಿಂದ ಬಗ್ಗಿಸಿ ಕೂರಿಸುತ್ತೇನೆ ಅನ್ನುವವರಿದ್ದಾರೆ. ಮಾಡಿದ್ದನ್ನು ನೋಡಿದ್ದೇನೆ, ಅಲೆ ಅಲೆಯಾಗಿ ಕೂತು ನೋಡಲು ಅಸಹ್ಯ. ವಾಪಸ್ ಕೊಟ್ಟು ಸರಿಯಾದದ್ದು ತನ್ನಿ.

ಎರಡನೆಯದು ಬಿಸಿಲು. ಊರಲ್ಲಿ 40 ಡಿಗ್ರಿ ಅಂತ ಪತ್ರಿಕೆಯಲ್ಲಿ ಓದಿದ ದಿನ, ಗೋಳಗುಮ್ಮಟದ ಮುಂದೆ ಬಯಲಲ್ಲಿ ನಿಲ್ಲಿಸಿದ ಕಪ್ಪು ಕಾರಿನ ತಗಡು 65-70ಕ್ಕೆ ಏರಿರುತ್ತದೆ. ವೈಸರಿನ ಅಕ್ರಿಲಿಕ್ ಪ್ಲಾಸ್ಟಿಕ್ಕು ಉಕ್ಕಿನ ಐದಾರು ಪಟ್ಟು ಹಿಗ್ಗುವ ವಸ್ತು. 25 ಡಿಗ್ರಿಯಿಂದ 65ಕ್ಕೆ ಏರಿದಾಗ 90 ಸೆಂಟಿಮೀಟರಿನ ವೈಸರು ಎರಡೂವರೆ ಮಿಲಿಮೀಟರ್ ಉದ್ದವಾಗುತ್ತದೆ, ಅದರ ಕೆಳಗಿನ ತಗಡು ಅರ್ಧ ಮಿಲಿಮೀಟರ್ ಕೂಡ ಆಗುವುದಿಲ್ಲ. ಉಳಿದ ಎರಡು ಮಿಲಿಮೀಟರ್ ವ್ಯತ್ಯಾಸ ಎರಡು ತುದಿಗೆ ಹಂಚಿಹೋಗಿ, ಒಂದೊಂದು ತುದಿ ಒಂದೊಂದು ಮಿಲಿಮೀಟರ್ ಜಾರುತ್ತದೆ. ದಿನಾ ಮಧ್ಯಾಹ್ನ ಜಾರಿ, ದಿನಾ ಬೆಳಗಿನ ಜಾವ ಹಿಂದಕ್ಕೆ ಬರುತ್ತದೆ. 1.1 ಮಿಲಿಮೀಟರ್ ದಪ್ಪದ ಒಳ್ಳೆಯ ಫೋಮು ತನ್ನ ದಪ್ಪದ ಮೂರು ಪಟ್ಟಿನವರೆಗೂ ಪಕ್ಕಕ್ಕೆ ಎಳೆದಾಡಿಸಿಕೊಳ್ಳಬಲ್ಲದು, ಹೀಗಾಗಿ ಇದು ಅದಕ್ಕೆ ಲೆಕ್ಕಕ್ಕಿಲ್ಲ. ಕಾಗದದಷ್ಟು ತೆಳುವಾದ ಡಬಲ್ ಟೇಪಿಗೆ ಹಾಗೆ ಎಳೆದಾಡಿಸಿಕೊಳ್ಳುವ ಮೈಯೇ ಇಲ್ಲ. ಫೋಮ್ ಟೇಪು ಸ್ವಲ್ಪ ದಪ್ಪವೇ ಇರಬೇಕು ಅನ್ನುವುದು ಇದಕ್ಕೆ.

ಟೇಪ್ ಅಸಲಿಯೋ ಅಲ್ಲವೋ ಅಂತ ರೋಲಿನ ಮೇಲಿನ ಹೆಸರು ನೋಡಿ ನಂಬುವ ಕಾಲ ಹೋಯಿತು. ಒಂದು ತುಂಡು ಕತ್ತರಿಸಿ ಎರಡೂ ತುದಿ ಹಿಡಿದು ಎಳೆಯಿರಿ. ಅಕ್ರಿಲಿಕ್ ಫೋಮು ರಬ್ಬರಿನ ಹಾಗೆ ಉದ್ದಕ್ಕೆ ಬಂದು, ಬಿಟ್ಟರೆ ನಿಧಾನಕ್ಕೆ ಒಳಗೆ ಸರಿಯುತ್ತದೆ. ಹಗುರ ಪಾಲಿಥಿನ್ ಫೋಮು ಸ್ವಲ್ಪ ಎಳೆಯುತ್ತಲೇ ಹರಿಯುತ್ತದೆ, ಹರಿದ ಕಡೆ ಬರಿಗಣ್ಣಿಗೇ ಗುಳ್ಳೆ ಗುಳ್ಳೆ ಕಾಣುತ್ತವೆ. ಗೋಡೆಗೆ ಕ್ಯಾಲೆಂಡರ್ ಹಚ್ಚಲು ಅದು ಸಾಕು, ಮೇ ತಿಂಗಳ ಕಾರಿಗಲ್ಲ. ಬಹಳಷ್ಟು ವೈಸರುಗಳಿಗೆ ಕಾರ್ಖಾನೆಯಿಂದಲೇ ಇದು ಹಚ್ಚಿ ಬಂದಿರುತ್ತದೆ. ಅದನ್ನು ಪೂರ್ತಿ ಕಿತ್ತು, ಬೆನ್ನು ಸ್ವಚ್ಛ ಮಾಡಿ, ಒಳ್ಳೆಯ ಟೇಪ್ ಹಾಕಿಯೇ ಅಂಟಿಸುವುದು ಲೇಸು. ಹಳೆ ಟೇಪಿನ ಮೇಲೆ ಹೊಸ ಟೇಪ್ ಹಾಕುವುದು ಕೆಲಸವಲ್ಲ.

ಅಂಟಿಸಿದ ದಿನ ಹೇಗಿತ್ತು?

ಟೇಪ್ ಒಳ್ಳೆಯದು, ಬಾಗು ಸರಿ, ಆದರೂ ಬಿಟ್ಟಿದೆ ಅಂದರೆ ಕೇಳಬೇಕಾದ ಪ್ರಶ್ನೆ ಇದು. ಈ ಟೇಪುಗಳಿಗೆ ಮೆಚ್ಚಿನ ಹವೆ 21ರಿಂದ 38 ಡಿಗ್ರಿ. ಅದು ಗಾಳಿಯ ಉಷ್ಣತೆಯಲ್ಲ, ತಗಡಿನದು. ವಿಜಯಪುರದ ಬೇಸಿಗೆಯಲ್ಲಿ ಹನ್ನೆರಡು ಗಂಟೆಗೆ ಬಿಸಿಲಲ್ಲಿ ನಿಂತ ಕಾರಿಗೆ ಅಂಟಿಸಿದರೆ, ಒರೆಸಿದ ದ್ರಾವಣ ಕೊಳೆಯನ್ನು ಎತ್ತುವ ಮೊದಲೇ ಆವಿಯಾಗಿ ಹೋಗಿರುತ್ತದೆ, ಟೇಪು ಮುಟ್ಟಿದ ಕಡೆ ಸೊಟ್ಟಗೆ ಕಚ್ಚಿಕೊಂಡು ಸರಿಪಡಿಸಲು ಬರುವುದಿಲ್ಲ. ಅಂಗೈ ಹಿಂಭಾಗವನ್ನು ತಗಡಿನ ಮೇಲಿಟ್ಟು ಆರಾಮಾಗಿ ಇರಿಸಿಕೊಳ್ಳಲು ಆದರೆ ಸರಿ, ಚುರುಕ್ ಅಂದರೆ ನೆರಳಿಗೆ ಒಯ್ಯಿರಿ. ಬೆಳಿಗ್ಗೆ ಒಂಬತ್ತರ ಒಳಗೆ ಅಥವಾ ಸಂಜೆ ತಗಡು ಆರಿದ ಮೇಲೆ.

ಬೆಳಗಾವಿಯಲ್ಲಿ ಸಮಸ್ಯೆ ತಿರುವು ಮುರುವು. ಜೂನ್‌ನಿಂದ ಸೆಪ್ಟೆಂಬರಿನವರೆಗೆ, ಅದರಲ್ಲೂ ಖಾನಾಪುರದ ಕಡೆ, ತಗಡಿನ ಮೇಲೆ ಕಣ್ಣಿಗೆ ಕಾಣದ ಪಸೆ ಕೂತೇ ಇರುತ್ತದೆ. ಬಟ್ಟೆಯಲ್ಲಿ ಒರೆಸಿದರೂ ಮತ್ತೆ ಕೂರುತ್ತದೆ. ಡಿಸೆಂಬರಿನ ಬೆಳಗಿನ ಇಬ್ಬನಿಯದೂ ಇದೇ ಕತೆ, ಜೊತೆಗೆ ತಂಪಿಗೆ ಅಂಟು ಬಿಗಿದುಕೊಂಡು ಬಣ್ಣದ ಸಣ್ಣ ಸಣ್ಣ ತಗ್ಗುಗಳಿಗೆ ಇಳಿಯುವುದಿಲ್ಲ. ಅಲ್ಲಿ ಹೇರ್ ಡ್ರೈಯರ್ ಬೇಕೇ ಬೇಕು. ತಗಡನ್ನೂ ಟೇಪನ್ನೂ ಬೆಚ್ಚಗೆ ಮಾಡಿ, ಬೆಚ್ಚಗಿರುವಾಗಲೇ ಒತ್ತಬೇಕು. ಬಾಗಲಕೋಟೆ, ಮುಧೋಳ, ಜಮಖಂಡಿ ಕಡೆ ಕಬ್ಬಿನ ಹಂಗಾಮಿನಲ್ಲಿ ರಸ್ತೆ ಬದಿಯ ಕೆಲಸವನ್ನೇ ಕೈಬಿಡಿ. ಟ್ರ್ಯಾಕ್ಟರ್ ಹಾದು ಹೋದ ಪ್ರತಿ ಸಲ ನೀವು ಒರೆಸಿದ ಜಾಗದ ಮೇಲೆ ಮತ್ತೊಂದು ಪದರ ಧೂಳು ಬಂದು ಕೂರುತ್ತದೆ.

ಇನ್ನು ಒತ್ತುವುದು. ಇದನ್ನು ಯಾರೂ ಮನಸ್ಸಿಟ್ಟು ಮಾಡುವುದಿಲ್ಲ. ಟೇಪು ಕೈತಾಗಿದ ಕೂಡಲೇ ಅಂಟಿತು ಅನಿಸುತ್ತದೆ, ಆದರೆ ಅದು ಒತ್ತಡಕ್ಕೆ ಕೆಲಸ ಮಾಡುವ ಅಂಟು. ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಬೀಳಬೇಕು. ಹೆಬ್ಬೆರಳಿನಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಇಂಚಿಂಚಾಗಿ ಒತ್ತುತ್ತಾ ಹೋದರೆ, ಮುಗಿಯುವಷ್ಟರಲ್ಲಿ ಬೆರಳು ನೋಯಬೇಕು. ಗಾಜಿಗೆ ಅಂಟಿಸಿದ್ದಾದರೆ ಒಳಗಿನಿಂದ ನೋಡಿ ಪರೀಕ್ಷಿಸಬಹುದು: ಟೇಪ್ ಹಿಡಿದ ಕಡೆ ಕಡುಬಣ್ಣ, ಗಾಳಿ ಸಿಕ್ಕಿಕೊಂಡ ಕಡೆ ಬಿಳಿಚಿದ ಚುಕ್ಕೆ. ಆ ಚುಕ್ಕೆಗಳು ಅರ್ಧಕ್ಕಿಂತ ಹೆಚ್ಚಿದ್ದರೆ ಅದು ಅಂಟಿದೆ ಅನ್ನುವುದೇ ಸುಳ್ಳು.

ಒತ್ತಿದ ಮೇಲೂ ಪೂರ್ಣ ಬಲ ಬರಲು ಕಾಲ ಬೇಕು. 20 ನಿಮಿಷಕ್ಕೆ ಅರ್ಧ, 24 ಗಂಟೆಗೆ ನೂರಕ್ಕೆ ತೊಂಬತ್ತು, 72 ಗಂಟೆಗೆ ಪೂರ್ತಿ. ಬೆಳಿಗ್ಗೆ ಅಂಟಿಸಿಕೊಂಡು ಮಧ್ಯಾಹ್ನ ಸೊಲ್ಲಾಪುರ ಹೈವೇಯಲ್ಲಿ ನೂರರ ಮೇಲೆ ಹೊಡೆದು, ಸಂಜೆ ವಾಟರ್ ವಾಶ್ ಮಾಡಿಸಿದರೆ ಅರ್ಧಂಬರ್ಧ ಹಿಡಿದದ್ದನ್ನು ನೀವೇ ಕಿತ್ತ ಹಾಗೆ. ಹೊಸ ಕಾರಿನ ಪೂಜೆಗೆ ಅಂತ ಅವಸರದಲ್ಲಿ ಹಾಕಿಸಿಕೊಂಡವು ಬೇಗ ಬಿಡುವುದು ಇದೇ ಕಾರಣಕ್ಕೆ.

ಒರೆಸುವುದು

ನೀರು ಹನಿಸಿ ನೋಡಿ. ಹನಿ ಮುತ್ತಿನ ಹಾಗೆ ದುಂಡಗೆ ನಿಂತರೆ ಅಲ್ಲಿ ವ್ಯಾಕ್ಸೋ ಸಿರಾಮಿಕ್ ಕೋಟಿಂಗೋ ಸಿಲಿಕೋನ್ ಪಾಲಿಶೋ ಇದೆ. ಹರಡಿಕೊಂಡರೆ ಟೇಪಿಗೂ ಜಾಗ ಸಿಗುತ್ತದೆ. ಕಾರ್ ತೊಳೆಯುವ ಕಡೆ ಕೊನೆಗೆ ಹೊಡೆಯುವ ಹೊಳಪಿನ ಸ್ಪ್ರೇ, ಟೈರಿಗೆ ಹಚ್ಚುವ ಕಪ್ಪು ಪಾಲಿಶು, ಇವೆಲ್ಲ ಸಿಲಿಕೋನು. ಅಂಟಿಸುವ ಹಿಂದಿನ ದಿನ ಇದನ್ನು ಹೊಡೆಸಿದ್ದರೆ ದೋಷ ಬೇರೆ ಕಡೆ ಹುಡುಕಬೇಕಿಲ್ಲ.

ಮೊದಲು ಶಾಂಪೂ, ಅದೂ ವ್ಯಾಕ್ಸ್ ಇಲ್ಲದ್ದು. ಒಣಗಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿಗೆ ಸಮಭಾಗ ನೀರು ಬೆರೆಸಿ, ಒಂದು ಬಟ್ಟೆಯಲ್ಲಿ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣಬಟ್ಟೆಯಲ್ಲಿ ಎತ್ತಬೇಕು. ಎರಡನೆಯ ಬಟ್ಟೆ ಇಲ್ಲದಿದ್ದರೆ ಕೊಳೆಯನ್ನು ಕರಗಿಸಿ ಅಲ್ಲೇ ಹರಡಿದ ಹಾಗಾಗುತ್ತದೆ. ಪೆಟ್ರೋಲ್ ಬೇಡ, ಎಣ್ಣೆಯ ಪದರ ಬಿಡುತ್ತದೆ. ಥಿನ್ನರ್ ಬೇಡವೇ ಬೇಡ, ಗ್ಯಾರೇಜಿನಲ್ಲಿ ಮತ್ತೆ ಬಣ್ಣ ಹೊಡೆಸಿದ ಕಾರಿದ್ದರೆ ಬಣ್ಣವೇ ಬಟ್ಟೆಗೆ ಬರುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್‌ನಲ್ಲೂ ಆಲ್ಕೋಹಾಲೇ ಅಲ್ಲವೇ ಅಂತ ಜಾಣರು ಕೇಳುತ್ತಾರೆ. ಹೌದು, ಆದರೆ ಚರ್ಮ ಒಣಗಬಾರದು ಅಂತ ಅದರಲ್ಲಿ ಗ್ಲಿಸರಿನ್ ಹಾಕಿರುತ್ತಾರೆ. ಆಲ್ಕೋಹಾಲ್ ಹಾರಿಹೋಗಿ ಗ್ಲಿಸರಿನ್ ಉಳಿಯುತ್ತದೆ.

ಸಿರಾಮಿಕ್ ಕೋಟಿಂಗ್ ಇದ್ದ ಕಾರಿಗೆ ಆಲ್ಕೋಹಾಲ್ ಏನೂ ಮಾಡುವುದಿಲ್ಲ. ಟೇಪ್ ಕೂರುವಷ್ಟೇ ಪಟ್ಟಿಯನ್ನು ಪಾಲಿಶಿಂಗ್ ಕಾಂಪೌಂಡಿನಿಂದ ಉಜ್ಜಿ ಕೋಟಿಂಗ್ ತೆಗೆಯಬೇಕು. ಸಾವಿರಾರು ಕೊಟ್ಟು ಮಾಡಿಸಿದವರಿಗೆ ಇದು ಸಂಕಟವೇ. ಕೋಟಿಂಗಿಗೆ ಮುಂಚೆಯೇ ವೈಸರ್ ಹಾಕಿಸಿಕೊಳ್ಳಿ.

ಬಣ್ಣ ಕಿತ್ತು ಬಂದರೆ

ಕಾರ್ಖಾನೆಯಲ್ಲಿ ತಗಡಿನ ಬಣ್ಣವನ್ನು ಸುಮಾರು 140 ಡಿಗ್ರಿಯಲ್ಲಿ ಬೇಯಿಸಿರುತ್ತಾರೆ, ಅದು ಟೇಪಿಗೆಲ್ಲ ಬಗ್ಗುವುದಿಲ್ಲ. ಕಿತ್ತು ಬಂದಿದೆ ಅಂದರೆ ಅಲ್ಲಿ ಮೊದಲು ಏಟು ಬಿದ್ದು ಮತ್ತೆ ಬಣ್ಣ ಹೊಡೆದಿದ್ದಾರೆ ಅಂತಲೇ ಹಿಡಿಯಿರಿ. ಗ್ಯಾರೇಜಿನಲ್ಲಿ ಬಣ್ಣ ಒಣಗಿಸುವ ಬೂತ್ ಏರುವುದು 60 ಡಿಗ್ರಿಯ ಆಸುಪಾಸಿಗೆ. ಅನೇಕ ಕಡೆ ಬೂತೇ ಇಲ್ಲ, ಬಿಸಿಲೇ ಬೂತು. ಬಣ್ಣದೊಳಗಿನ ದ್ರಾವಣ ಹೊರಬೀಳಲು ವಾರಗಟ್ಟಲೆ ಬೇಕು. ಹೊಸದಾಗಿ ಬಣ್ಣ ಹೊಡೆಸಿದ ಬಾಗಿಲಿಗೆ ಕನಿಷ್ಠ 30 ದಿನ ಏನನ್ನೂ ಅಂಟಿಸಬಾರದು.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಬಾಗಿಲಿಗೆ ಏಟು ಬಿದ್ದಿತ್ತೋ ಇಲ್ಲವೋ ಗೊತ್ತಿರುವುದಿಲ್ಲ. ಫ್ರಿಜ್ಜಿನ ಬಾಗಿಲಿಗೆ ಹಚ್ಚುವ ತೆಳು ಮ್ಯಾಗ್ನೆಟ್ಟನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಬಾಗಿಲ ಉದ್ದಕ್ಕೂ ಇಟ್ಟು ನೋಡಿ. ಒಂದು ಕಡೆ ಗಟ್ಟಿಯಾಗಿ ಹಿಡಿದು, ಇನ್ನೊಂದು ಕಡೆ ಜಾರಿ ಬಿದ್ದರೆ ಅಲ್ಲಿ ಕೆಳಗೆ ಪುಟ್ಟಿ ತುಂಬಿದೆ. ಆ ಜಾಗದಲ್ಲಿ ಸೈಡ್ ಬೀಡಿಂಗ್ ಬೇಡ. ಹಾಕಿದರೆ ಹಾಕಿದಾಗಲ್ಲ, ತೆಗೆಯುವಾಗ ಪಶ್ಚಾತ್ತಾಪ. (ಬಾನೆಟ್ ಅಲ್ಯುಮಿನಿಯಂ ಇರುವ ಕಾರುಗಳೂ ಇವೆ, ಬಂಪರ್ ಪ್ಲಾಸ್ಟಿಕ್ಕು. ಅಲ್ಲಿ ಮ್ಯಾಗ್ನೆಟ್ ಹಿಡಿಯದಿದ್ದರೆ ಪುಟ್ಟಿ ಅಂತ ಮಾರಿದವರ ಮೇಲೆ ಜಗಳಕ್ಕೆ ಹೋಗಬೇಡಿ.)

ಬಿದ್ದಿಲ್ಲ, ಆದರೂ ತೊಂದರೆ

ಪವರ್ ವಿಂಡೋ ಮೇಲೆ ಹೋಗಿ ತಾನಾಗಿಯೇ ಕೆಳಗೆ ಇಳಿಯುತ್ತದೆ. ಎಲೆಕ್ಟ್ರಿಷಿಯನ್ ಹತ್ತಿರ ಓಡಬೇಡಿ. ಗಾಜು ಜಾರುವ ಚೌಕಟ್ಟಿನ ಸಂದಿನೊಳಗೆ ತೂರಿಸುವ ಮಾದರಿಯ ವೈಸರ್ ಹಾಕಿದ ಮೇಲೆ ಶುರುವಾದದ್ದೇ ನೆನಪು ಮಾಡಿಕೊಳ್ಳಿ. ಒಂದೇ ಒತ್ತಿಗೆ ಮೇಲೇರುವ ಗಾಜಿಗೆ ಬೆರಳು ಸಿಕ್ಕಿಕೊಳ್ಳದಂತೆ ಕಾಯುವ ವ್ಯವಸ್ಥೆ ಇರುತ್ತದೆ. ವೈಸರಿನ ದಪ್ಪಕ್ಕೆ ಗಾಜು ಬಿಗಿಯಾದರೆ ಅದು ಬೆರಳೇ ಅಂತ ತಿಳಿದು ಹಿಂದಕ್ಕೆ ಇಳಿಸುತ್ತದೆ. ವೈಸರ್ ತೆಗೆದು ಗಾಜು ಏರಿಸಿ ನೋಡಿ. ಸರಿಯಾದರೆ ಹೊರಗೆ ಅಂಟಿಸುವ ಮಾದರಿಗೆ ಬದಲಿಸಿ. ವೈಸರ್ ತೆಗೆದರೂ ಇಳಿಯುತ್ತಿದ್ದರೆ ಆ ಸಂದಿನ ರಬ್ಬರ್ ಮಡಚಿಕೊಂಡಿದೆಯೇ, ಧೂಳು ಕಟ್ಟಿದೆಯೇ ನೋಡಿ, ಆಮೇಲೆ ಕಾರಿನ ಪುಸ್ತಕದಲ್ಲಿ ಹೇಳಿದಂತೆ ಗಾಜಿನ ರೀಸೆಟ್ ಮಾಡಿ.

ಎಪ್ಪತ್ತು ಎಂಬತ್ತರ ವೇಗಕ್ಕೆ ಶಿಳ್ಳೆ ಬರುತ್ತದೆ, ಗಾಜು ಇಳಿಸಿದರೆ ನಿಲ್ಲುತ್ತದೆ. ವೈಸರಿನ ಮುಂದಿನ ಮೂಲೆ ಎದ್ದಿದೆ. ಯಾವ ಕಡೆಯದು ಅಂತ ತಿಳಿಯಲು ಬಣ್ಣದಂಗಡಿಯ ಮಾಸ್ಕಿಂಗ್ ಟೇಪನ್ನು ಒಂದೊಂದೇ ಮೂಲೆಗೆ ಹಚ್ಚಿ ಓಡಿಸಿ. ಶಿಳ್ಳೆ ನಿಂತ ಮೂಲೆಯೇ ಅಪರಾಧಿ.

ಛಾವಣಿಗೆ ಶಾರ್ಕ್ ಫಿನ್ (ಮೀನಿನ ರೆಕ್ಕೆಯಾಕಾರದ ಆಂಟೆನಾ) ಹಾಕಿಸಿದ ಮೇಲೆ ಎಫ್ಎಂ ಕರಕರ ಅನ್ನುತ್ತಿದ್ದರೆ ಆಶ್ಚರ್ಯವಿಲ್ಲ. ಕಂಪನಿಯ ಕಡ್ಡಿ ಆಂಟೆನಾ ಬಿಚ್ಚಿಟ್ಟು ಅದರ ಬುಡದ ಮೇಲೆ ಪ್ಲಾಸ್ಟಿಕ್ ಟೋಪಿ ಅಂಟಿಸಿದ್ದಾರೆ. ಒಳಗೆ ತಂತಿ ಇದ್ದರೂ ಅದು ಬುಡದ ಬೋಲ್ಟಿಗೆ ತಾಗಿರಬೇಕು. ಬರೀ ಅಂದಕ್ಕಾದರೆ ಕಡ್ಡಿಯೇ ವಾಸಿ.

ಹಿಡಿಕೆಯ ಕ್ರೋಮ್ ಕವರು ಹಾಕಿದ ಮೇಲೆ ಕೀ ಇಲ್ಲದೆ ಬಾಗಿಲು ತೆಗೆಯುವ ಗುಂಡಿಯೋ ಸೆನ್ಸರೋ ಕೆಲಸ ಮಾಡದಿದ್ದರೆ ಕವರಿನ ಕಿಂಡಿ ಸರಿಯಾಗಿ ಕೂತಿಲ್ಲ. ಕವರಿನ ಕೆಳಗೆ ಸೇರಿದ ಮರಳು ಮಾತ್ರ ಪ್ರತಿ ಸಲ ಬಾಗಿಲು ತೆಗೆದಾಗಲೂ ಬಣ್ಣ ತೀಡುತ್ತಿರುತ್ತದೆ. ನನ್ನ ಕಾರಿಗೆ ನಾನು ಇದನ್ನು ಹಾಕುವುದಿಲ್ಲ. ಕಲಿಯುವವರ ಮ್ಯಾಗ್ನೆಟ್ ಎಲ್ ಬೋರ್ಡಿನದೂ ಇದೇ ಪಾಡು, ರಾತ್ರಿ ತೆಗೆದಿಟ್ಟು, ಎರಡೂ ಕಡೆ ಒರೆಸಿ, ಬೆಳಿಗ್ಗೆ ಹಚ್ಚಬೇಕು.

ಮಡ್ ಫ್ಲ್ಯಾಪಿಗೆ ಟೇಪೂ ಬೇಡ, ತೂತೂ ಬೇಡ. ಚಕ್ರದ ಒಳಗೋಡೆಯ ಪ್ಲಾಸ್ಟಿಕ್ಕಿಗೆ ಕಂಪನಿ ಹಾಕಿದ ಸ್ಕ್ರೂಗಳು ಇದ್ದೇ ಇರುತ್ತವೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಕೈ ಹಾಕಲು ಜಾಗ ಮಾಡಿಕೊಂಡು ಅವನ್ನೇ ಬಿಚ್ಚಿ, ಫ್ಲ್ಯಾಪ್ ಇಟ್ಟು, ಮತ್ತೆ ಬಿಗಿಯಿರಿ. ಆಮೇಲೆ ಎರಡೂ ಕಡೆಗೆ ಪೂರ್ತಿ ತಿರುಗಿಸಿ ಟೈರ್ ಉಜ್ಜುತ್ತದೆಯೇ ನೋಡಿ. ಬೀಡಿಂಗನ್ನೋ ಸಿಲ್ ಗಾರ್ಡನ್ನೋ ಬಾಗಿಲ ಕೆಳ ಅಂಚಿಗೆ ಹಾಕುವಾಗ ಅಲ್ಲಿನ ನೀರು ಇಳಿಯುವ ಕಿಂಡಿಗಳನ್ನು ಮುಚ್ಚಬಾರದು. ಮುಚ್ಚಿದರೆ ಮಳೆ ನೀರು ಬಾಗಿಲೊಳಗೆ ನಿಂತು ತುಕ್ಕು ಒಳಗಿನಿಂದ ಬರುತ್ತದೆ.

ತೆಗೆಯುವ ವಿಧಾನ

ಚಾಕು, ಸ್ಕ್ರೂಡ್ರೈವರ್, ಬ್ಲೇಡ್, ಮೂರನ್ನೂ ದೂರ ಇಡಿ. ಹೇರ್ ಡ್ರೈಯರಿನಿಂದ ಒಂದು ತುದಿಯನ್ನು ಕೈಗೆ ಚುರುಕ್ ಅನ್ನುವಷ್ಟು ಬಿಸಿ ಮಾಡಿ, ಮೀನು ಹಿಡಿಯುವ ಗಾಳದ ನೈಲಾನ್ ದಾರವನ್ನು ಹಿಂದೆ ತೂರಿಸಿ ಗರಗಸದ ಹಾಗೆ ಆಡಿಸುತ್ತಾ ಹೋಗಿ. ಫೋಮು ನಡುವೆ ಕತ್ತರಿಸಿಕೊಂಡು ತುಂಡು ಕೈಗೆ ಬರುತ್ತದೆ. ತಗಡಿನ ಮೇಲುಳಿದದ್ದನ್ನು ಮತ್ತೆ ಬಿಸಿ ಮಾಡಿ ಹೆಬ್ಬೆರಳಿನಿಂದ ಉರುಳಿಸಿ ಉರುಳಿಸಿ ತೆಗೆಯಬೇಕು. ಬೇಜಾರಿನ ಕೆಲಸವೇ, ಹಾಡು ಹಚ್ಚಿಕೊಳ್ಳಿ. ಹಠಮಾರಿ ಅಂಟಿಗೆ ಡಬ್ಲ್ಯುಡಿ-40 ಹಾಕಿ ಹತ್ತು ನಿಮಿಷ ಬಿಡಬಹುದು. ಆದರೆ ಅದು ಎಣ್ಣೆ. ಮತ್ತೆ ಅಲ್ಲೇ ಅಂಟಿಸುವುದಾದರೆ ಶಾಂಪೂ, ಆಲ್ಕೋಹಾಲ್ ಎರಡೂ ಮೊದಲಿನಿಂದ.

ಟೇಪಿಗೆ ಒಪ್ಪಿಸಬಾರದ್ದು

ನಂಬರ್ ಪ್ಲೇಟ್. 2019ರ ಏಪ್ರಿಲ್‌ನಿಂದ ಬಂದ ಹೈ ಸೆಕ್ಯುರಿಟಿ ಪ್ಲೇಟು ಸ್ನ್ಯಾಪ್ ಲಾಕಿನಲ್ಲೇ ಕೂರಬೇಕು, ಆ ಲಾಕು ಒಮ್ಮೆ ಬಿಚ್ಚಿದರೆ ಮತ್ತೆ ಬಳಕೆಗಿಲ್ಲ. ಅಲುಗಾಡುತ್ತಿದ್ದರೆ ಅಧಿಕೃತ ಕೇಂದ್ರದಲ್ಲೇ ಸರಿಪಡಿಸಿಕೊಳ್ಳಿ. ಬಂಪರಿನ ಮುಂದೆ ಹಾಕುವ ಲೋಹದ ಚೌಕಟ್ಟು, ಬುಲ್ ಗಾರ್ಡನ್ನು ತೂತಿಲ್ಲದೆ ಕೂರಿಸುವ ಉಪಾಯ ಕೇಳಿಕೊಂಡು ಬರುವವರೂ ಇದ್ದಾರೆ. ತೂತಿನ ಪ್ರಶ್ನೆಯೇ ಅಲ್ಲ ಅದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅದು ಅನಧಿಕೃತ ಬದಲಾವಣೆ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಡಿಕ್ಕಿಯ ಏಟು ಏರ್‌ಬ್ಯಾಗ್ ಸೆನ್ಸರಿಗೆ ಮುಟ್ಟುವ ರೀತಿಯನ್ನೇ ಅದು ಬದಲಿಸುತ್ತದೆ.

ಮೇಲ್ಛಾವಣಿಯ ರೇಲು ಅಂದಕ್ಕೆ ಅಂಟಿಸಿದ್ದೋ ಬೋಲ್ಟಿನದೋ ಅಂತ ತಿಳಿಯದೆ ಅದರ ಮೇಲೆ ಒಣದ್ರಾಕ್ಷಿಯ ಬಾಕ್ಸು ಕಟ್ಟಬೇಡಿ. ಕಾರಿನ ಪುಸ್ತಕದಲ್ಲಿ ಛಾವಣಿಯ ಮೇಲೆ ಇಷ್ಟು ಕಿಲೋ ಅಂತ ಬರೆದಿಲ್ಲದಿದ್ದರೆ, ರೇಲಿಗೆ ಬೋಲ್ಟು ಕಾಣದಿದ್ದರೆ, ಅದು ಬರೀ ಅಲಂಕಾರ. ಸಾಮಾನು ಹೊರಲೇಬೇಕಾದರೆ ಬಾಗಿಲ ಚೌಕಟ್ಟಿಗೆ ಕಚ್ಚಿಕೊಳ್ಳುವ ಕ್ಲ್ಯಾಂಪಿನ ಕ್ಯಾರಿಯರ್ ತರಿಸಿ. ಅದರ ರಬ್ಬರ್ ಪಾದದ ಕೆಳಗೆ ಪೇಂಟ್ ಪ್ರೊಟೆಕ್ಷನ್ ಫಿಲ್ಮಿನ ಅಂಗೈಯಗಲದ ತುಂಡು ಹಚ್ಚಿ.

ಯಾರೋ ಈಗಾಗಲೇ ತೂತು ಹೊಡೆದುಬಿಟ್ಟಿದ್ದರೆ ಸ್ಕ್ರೂ ಬಿಚ್ಚಿ ಒಳಗೆ ಟಾರ್ಚ್ ಬಿಡಿ. ತೂತಿನ ಅಂಚು ಕಂದುಬಣ್ಣಕ್ಕೆ ತಿರುಗಿದ್ದರೆ ಬರಿಲೋಹ ಕಾಣುವವರೆಗೆ ಸಣ್ಣ ಎಮರಿ ಕಾಗದದಲ್ಲಿ ತಿಕ್ಕಿ, ಜಿಂಕ್ ಪ್ರೈಮರ್ ಮುಟ್ಟಿಸಿ, ಒಣಗಿದ ಮೇಲೆ ಟಚ್‌ಅಪ್ ಬಣ್ಣ, ಅದರ ಮೇಲೆ ಅಳತೆಯ ರಬ್ಬರ್ ಬೂಚು. ಕೊರೆದಾಗ ಒಳಗೆ ಬಿದ್ದ ಲೋಹದ ಪುಡಿಯನ್ನು ವ್ಯಾಕ್ಯೂಮಿನಿಂದ ಎಳೆದು ತೆಗೆಯುವುದನ್ನು ಮರೆಯಬೇಡಿ, ತುಕ್ಕು ಮೊದಲು ಹಿಡಿಯುವುದು ಆ ಪುಡಿಗೆ.